ಮಕ್ಕಳನ್ನು ಕಟ್ಟಿಕೊಂಡು ಪುಣೆಯಿಂದ ಗೋವಾಕ್ಕೆ: ಕಾರ್ ಸೀಟು, ಘಾಟು, ನಿಲುಗಡೆಯ ಲೆಕ್ಕ

ಆಂಬೋಲಿ ಘಾಟಿನ ದಾರಿ ಹಿಡಿದರೆ ಪುಣೆಯಿಂದ ಪಣಜಿಗೆ ಸುಮಾರು 450 ಕಿ.ಮೀ. ಫೋನಿನ ಮ್ಯಾಪು ಒಂಬತ್ತು ತಾಸು ಎನ್ನುತ್ತದೆ. ಒಂದೂವರೆ ವರ್ಷದ ಕೂಸು, ಐದು ವರ್ಷದ ಹುಡುಗಿ, ಜೊತೆಗೆ ಅಜ್ಜಿ, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರು. ಪಿಂಪ್ರಿ, ವಾಕಡ್, ಕೋಥ್ರೂಡ್ ಕಡೆಯ ಕನ್ನಡದ ಮನೆಗಳಿಂದ ಗೋವಾಕ್ಕೆ ಹೊರಡುವ ಕಾರುಗಳು ಬಹುಮಟ್ಟಿಗೆ ಹೀಗೇ ಇರುತ್ತವೆ. ಇಂಥ ಕಾರಿಗೆ ಒಂಬತ್ತು ತಾಸಿನ ಲೆಕ್ಕ ಹೊಂದುವುದಿಲ್ಲ. ಹದಿಮೂರು ತಾಸು ಇಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯದು, ಕೊಲ್ಹಾಪುರದಲ್ಲೋ ನಿಪ್ಪಾಣಿಯಲ್ಲೋ ಒಂದು ರಾತ್ರಿ ಉಳಿದು ಮರುದಿನ ಘಾಟು ಇಳಿಯುವುದು. ಬೆಳಗಾವಿಯಲ್ಲಿ ನೆಂಟರಿದ್ದವರು ಅಲ್ಲೇ ತಂಗಿ, ಜಾಂಬೋಟಿ–ಚೋರ್ಲಾ ಘಾಟಿನ ಮೇಲೆ ಹೋದರೂ ಆದೀತು.

ಇಷ್ಟು ಹೊತ್ತು ಯಾಕೆಂದರೆ, ಕೂಸನ್ನು ಕಾರ್ ಸೀಟಿನಲ್ಲಿ ಒಂದೇ ಸಮನೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಅರೆ ಒರಗಿದ ಭಂಗಿಯಲ್ಲಿ ನಿದ್ದೆ ಹೋದ ಕೂಸಿನ ತಲೆ ಮುಂದಕ್ಕೆ ಜೋತು ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಕತ್ತಿನಲ್ಲಿ ಕಸುವಿಲ್ಲದ ಎಳೆಗೂಸಿಗೆ ತಲೆ ಎತ್ತಿಕೊಳ್ಳಲು ಬರುವುದಿಲ್ಲ, ಅಳುವುದೂ ಇಲ್ಲ. ಹುಟ್ಟಿ ತಿಂಗಳು ತುಂಬದ ಕೂಸಿಗೆ ಅರ್ಧ ತಾಸೇ ಹೆಚ್ಚು, ಹಾಗಾಗಿ ಅದಕ್ಕೆ ಈ ಪ್ರಯಾಣವೇ ಬೇಡ. ಅವಧಿಗೆ ಮುಂಚೆ ಹುಟ್ಟಿದ ಕೂಸಾದರೆ ವೈದ್ಯರನ್ನು ಕೇಳದೆ ಹೊರಡಬೇಡಿ.

ತೊಡೆಯ ಮೇಲೆ ಬೇಡ

ಕಾರ್ ಸೀಟು ಕೊಳ್ಳುವ ಮೊದಲೇ ಮನೆಯಲ್ಲಿ ಏಳುವ ಮಾತು ಇದು: "ನಾ ಹಿಡ್ಕೊಂಡು ಕೂಡ್ತೀನಿ ಬಿಡು, ಅಷ್ಟು ದೂರ ಕೂಸನ್ನ ಕಟ್ಟಿ ಹಾಕೋದೇನು?" ಅಜ್ಜಿಯ ಪ್ರೀತಿಗೆ ಎದುರಾಡುವುದು ಕಷ್ಟ. ಆದರೆ ಲೆಕ್ಕ ಹೇಳಿದರೆ ಹಿರಿಯರೂ ಒಪ್ಪುತ್ತಾರೆ. ತಾಸಿಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಗುದ್ದಿ, ಮೂತಿ ಅರ್ಧ ಮೀಟರಿನಷ್ಟು ನುಗ್ಗಿ ನಿಂತಿತು ಎನ್ನಿ. ಆ ಚಣದಲ್ಲಿ 10 ಕಿಲೋ ತೂಕದ ಕೂಸನ್ನು ಹಿಡಿದಿಡಲು 200 ಕಿಲೋ ಎತ್ತುವಷ್ಟು ಬಲ ಬೇಕು. ಅಷ್ಟು ಬಲ ಯಾರ ತೋಳಿನಲ್ಲೂ ಇಲ್ಲ. ಕಟ್ಟಿಲ್ಲದ ಕೂಸಿಗೆ ಆ ಏಟು ಹತ್ತು ಮೀಟರು ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದದ್ದಕ್ಕೆ ಸಮ. ಅದೂ ಊರೊಳಗಿನ ವೇಗದಲ್ಲಿ. ವೇಗ ದುಪ್ಪಟ್ಟಾದರೆ ಏಟು ನಾಲ್ಕು ಪಟ್ಟು. ತಾಯಿ ತಾನು ಬೆಲ್ಟ್ ಹಾಕಿಕೊಂಡು ಅದರೊಳಗೇ ಕೂಸನ್ನು ಸೇರಿಸಿಕೊಳ್ಳುವುದಂತೂ ಇನ್ನೂ ಕೆಟ್ಟದ್ದು. ಬೆಲ್ಟಿಗೂ ಅವಳ ಮೈಗೂ ನಡುವೆ ಕೂಸು ಸಿಕ್ಕಿ ಜಜ್ಜಿಹೋಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ನಡೆದಾಡುವಾಗಿನ ಸಾಧನ, ಅದು ಕಾರಿಗಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕಾರು ಓಡಿಸಿದರೆ ಒಂದು ಸಾವಿರ ರೂಪಾಯಿ ದಂಡ.

ಸೀಟು ಕೊಳ್ಳುವಾಗ

ಮೊದಲು ನೋಡಬೇಕಾದದ್ದು ಸೀಟಿನ ಬೆನ್ನಿಗೋ ತಳಕ್ಕೋ ಅಂಟಿಸಿರುವ ಕಿತ್ತಳೆ ಬಣ್ಣದ ಚೀಟಿ. ಅದರ ಮೇಲೆ ಆರ್44/04 ಅಥವಾ ಆರ್129 ಎಂದಿರಬೇಕು. ಇವು ಮಕ್ಕಳ ಸೀಟಿಗೆ ವಿಶ್ವಸಂಸ್ಥೆ ಹಾಕಿಕೊಟ್ಟ ಸುರಕ್ಷತಾ ನಿಯಮಗಳ ಗುರುತು. ಆರ್129 ಹೊಸದು, ಮಗುವಿನ ಎತ್ತರದ ಲೆಕ್ಕದ್ದು. ಆರ್44 ತೂಕದ ಲೆಕ್ಕದ್ದು: 13 ಕಿಲೋವರೆಗೆ, 9ರಿಂದ 18, 15ರಿಂದ 25, 22ರಿಂದ 36 ಕಿಲೋ. ಭಾರತದ ಎಐಎಸ್-072 ಗುರುತು ಇದ್ದರೂ ಸರಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಬರೀ ಬಟ್ಟೆ-ಸ್ಪಂಜಿನ, ಹೆಡ್‌ರೆಸ್ಟಿಗೆ ಪಟ್ಟಿ ಸುತ್ತಿ ಕಟ್ಟುವ ದಿಂಬಿನಂಥ ಸೀಟುಗಳಿಗೆ ಈ ಚೀಟಿ ಇರುವುದಿಲ್ಲ. ಅವನ್ನು ಕೊಳ್ಳಬೇಡಿ. ಅವು ಮಗುವನ್ನು ಕೂರಿಸುತ್ತವೆ, ಹಿಡಿದಿಡುವುದಿಲ್ಲ.

ಒಂದೂವರೆ ವರ್ಷದ ಕೂಸಿಗೆ ಹಿಮ್ಮುಖ ಸೀಟೇ ಬೇಕು, ಅಂದರೆ ಕೂಸಿನ ಮುಖ ಕಾರಿನ ಹಿಂಬದಿಗೆ. ಆರ್129 ಪ್ರಕಾರ 15 ತಿಂಗಳವರೆಗೆ ಇದು ಕಡ್ಡಾಯ. ಆದರೆ 15 ತಿಂಗಳಾದ ಕೂಡಲೇ ತಿರುಗಿಸಲು ಅವಸರ ಬೇಡ. ಸೀಟಿನ ತೂಕದ ಮಿತಿ ಮುಟ್ಟುವವರೆಗೆ, ಅಥವಾ ತಲೆ ಸೀಟಿನ ಅಂಚನ್ನು ಮುಟ್ಟುವವರೆಗೆ ಹಿಮ್ಮುಖವಾಗಿಯೇ ಇರಲಿ. ಕೂಸಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತಿನ ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಮ್ಮುಖವಾಗಿದ್ದರೆ ಗುದ್ದಿದಾಗ ಮೈ ಪಟ್ಟಿಯಲ್ಲಿ ನಿಲ್ಲುತ್ತದೆ, ತಲೆ ಮುಂದಕ್ಕೆ ಸೆಳೆದು ಕತ್ತಿನ ಮೇಲೆ ಎಳೆತ ಬೀಳುತ್ತದೆ. ಹಿಮ್ಮುಖವಾಗಿದ್ದರೆ ಬೆನ್ನು, ಕತ್ತು, ತಲೆ ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ. ಕಾಲು ಮಡಚಿಕೊಂಡಿದೆ ಎಂದು ಅನೇಕರು ಮರುಗುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂರುವುದು ಮಕ್ಕಳಿಗೆ ಕಷ್ಟವೇ ಅಲ್ಲ.

ಐದು ವರ್ಷದವಳಿಗೆ, 18 ಕಿಲೋ ಒಳಗಿದ್ದರೆ ಪಟ್ಟಿಯ ಮುಮ್ಮುಖ ಸೀಟು, ಮೀರಿದ್ದರೆ ಬೆನ್ನೊರಗು ಇರುವ ಬೂಸ್ಟರು. ಬೂಸ್ಟರಿನ ಕೆಲಸ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುವುದು: ಮೇಲಿನ ಪಟ್ಟಿ ಹೆಗಲಿನ ನಡುವೆ, ಕೆಳಗಿನ ಪಟ್ಟಿ ತೊಡೆಯ ಬುಡದಲ್ಲಿ. ಬೂಸ್ಟರಿಲ್ಲದೆ ಕೂತರೆ ಪಟ್ಟಿ ಹೊಟ್ಟೆಗೆ ಏರುತ್ತದೆ. ಗುದ್ದಿದಾಗ ಸೊಂಟದ ಎಲುಬು ತಡೆಯಬೇಕಾದ ಏಟನ್ನು ಕರುಳು ತಿನ್ನುತ್ತದೆ. ಎತ್ತರ 135 ಸೆಂ.ಮೀ. ದಾಟುವವರೆಗೆ, ಕೆಲವು ಮಕ್ಕಳಿಗೆ 150ರವರೆಗೂ ಬೂಸ್ಟರು ಬೇಕು.

ಕಾರಿಗೆ ಬಿಗಿಯುವುದು

ಇದಕ್ಕೆ ಹೊರಡುವ ಹಿಂದಿನ ರಾತ್ರಿಯಲ್ಲ, ಹಿಂದಿನ ವಾರ ಒಂದು ಮಧ್ಯಾಹ್ನ ಎತ್ತಿಡಿ. ಕೆಲಸ ಕೆಡುವುದು ಇಲ್ಲೇ. ಸೀಟು ದುಬಾರಿಯದೇ ಇದ್ದರೂ ಸಡಿಲವಾಗಿದ್ದರೆ ಉಪಯೋಗವಿಲ್ಲ.

ಹಿಂದಿನ ಸೀಟಿನ ಕೂರುವ ಭಾಗಕ್ಕೂ ಒರಗಿಗೂ ನಡುವಿನ ಸಂದಿಯಲ್ಲಿ ಕೈ ಹಾಕಿ. ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಕಾರಿಗೇ ಸಿಕ್ಕಿಸುವ ಏರ್ಪಾಡು ಇದ್ದರೆ 28 ಸೆಂ.ಮೀ. ಅಂತರದಲ್ಲಿ ಬೆರಳು ಗಾತ್ರಕ್ಕಿಂತ ತೆಳುವಾದ ಎರಡು ಕಬ್ಬಿಣದ ಕೊಂಡಿ ಸಿಗುತ್ತವೆ. ಆಮೇಲೆ ಹಾಕಿಸಿದ ರೆಕ್ಸಿನ್ ಕವರು ಇವನ್ನು ಮುಚ್ಚಿರುವುದು ಮಾಮೂಲು. ಆ ಕಡೆ ಹೊಲಿಗೆ ಬಿಚ್ಚಿಸಿ ಅಥವಾ ಕವರನ್ನೇ ತೆಗೆಸಿ. ಮಕ್ಕಳ ಸೀಟಿನ ಎರಡೂ ಕೊಕ್ಕೆಗಳನ್ನು ಕೊಂಡಿಗೆ ಒತ್ತಿದಾಗ ಎರಡು ಬಾರಿ 'ಟಕ್' ಎನ್ನಬೇಕು, ಎರಡೂ ಕಡೆಯ ಗುರುತು ಕೆಂಪಿನಿಂದ ಹಸಿರಿಗೆ ತಿರುಗಬೇಕು. ಒಂದೇ ಹಸಿರಾದರೆ ಬಿಚ್ಚಿ ಮತ್ತೆ ಹಾಕಿ.

ಮುಮ್ಮುಖ ಸೀಟಿನಲ್ಲಿ ಮೇಲಿಂದ ಹಿಂದಕ್ಕೆ ಹೋಗುವ ಇನ್ನೊಂದು ಪಟ್ಟಿ ಇರುತ್ತದೆ, ಟಾಪ್ ಟೆದರ್. ಅದನ್ನು ಹಾಕದೆ ಬಿಡುವವರೇ ಹೆಚ್ಚು. ಹಾಕದಿದ್ದರೆ ಗುದ್ದಿದಾಗ ಸೀಟಿನ ತಲೆಭಾಗ ಮುಂದಕ್ಕೆ ಮಗುಚಿ, ಮಗುವಿನ ತಲೆ ಮುಂದಿನ ಸೀಟಿಗೆ ಬಡಿಯುವಷ್ಟು ದೂರ ಹೋಗುತ್ತದೆ. ಸಣ್ಣ ಕಾರುಗಳಲ್ಲಿ ಇದರ ಕೊಂಡಿ ಸಾಮಾನ್ಯವಾಗಿ ಹಿಂದಿನ ಒರಗಿನ ಬೆನ್ನಿಗೆ ಇರುತ್ತದೆ, ಲಂಗರಿನ ಚಿತ್ರ ಇರುತ್ತದೆ. ಸಿಎನ್‌ಜಿ ಹಾಕಿಸಿದ ಕಾರಿನಲ್ಲಿ ಸಿಲಿಂಡರು ಈ ಕೊಂಡಿಗೆ ಅಡ್ಡ ಬಂದು ಕೈ ತೂರುವುದೇ ಕಷ್ಟ. ಒರಗನ್ನು ಮುಂದಕ್ಕೆ ಮಡಚಿ, ಕೊಕ್ಕೆ ಸಿಕ್ಕಿಸಿ, ಒರಗನ್ನು ಎತ್ತಿ 'ಟಕ್' ಎನ್ನಿಸಿ, ಆಮೇಲೆ ಪಟ್ಟಿ ಎಳೆದು ಬಿಗಿಯಿರಿ. ಡಿಕ್ಕಿಯಲ್ಲಿ ಸಾಮಾನು ಕಟ್ಟಲು ಕೊಟ್ಟ ಪುಟ್ಟ ಕೊಕ್ಕೆಗೆ ಟೆದರ್ ಹಾಕಬೇಡಿ. ಆ ಎಳೆತಕ್ಕೆ ಅದು ಕಿತ್ತು ಬರುತ್ತದೆ. ಟೆದರ್ ಬದಲು ನೆಲಕ್ಕೆ ಊರುವ ಕಾಲಿರುವ ಸೀಟಾದರೆ ಆ ಕಾಲು ಗಟ್ಟಿ ನೆಲಕ್ಕೇ ತಾಗಬೇಕು. ಕೆಳಗೆ ದಪ್ಪ ಮ್ಯಾಟು, ನೆಲದೊಳಗಿನ ಡಬ್ಬಿಯ ಮುಚ್ಚಳ ಇರಬಾರದು.

ಐಸೋಫಿಕ್ಸ್ ಇಲ್ಲದ ಹಳೆಯ ಕಾರಿನಲ್ಲಿ ಬೆಲ್ಟಿನಿಂದಲೂ ಭದ್ರವಾಗಿ ಕಟ್ಟಬಹುದು. ಮಕ್ಕಳ ಸೀಟಿನ ಮೇಲೆ ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು ಬಣ್ಣದಲ್ಲಿ ಬೆಲ್ಟಿನ ದಾರಿ ಗುರುತಿಸಿರುತ್ತಾರೆ. ಬೆಲ್ಟನ್ನು ಆ ದಾರಿಯಲ್ಲಿ ತೂರಿಸಿ, ಬಕಲ್ ಹಾಕಿ, ಒಂದು ಮಂಡಿಯನ್ನು ಸೀಟಿನೊಳಗೆ ಊರಿ ಮೈಭಾರ ಬಿಟ್ಟು, ಕೆಳಪಟ್ಟಿಯ ಸಡಿಲನ್ನೆಲ್ಲ ಮೇಲ್ಪಟ್ಟಿಯ ಕಡೆ ಎಳೆದುಕೊಳ್ಳಿ. ಕಾರಿನ ಬೆಲ್ಟು ಜಗ್ಗಿದಾಗ ಮಾತ್ರ ಹಿಡಿಯುವಂಥದ್ದಾದರೆ ಸೀಟಿನಲ್ಲಿರುವ ಕ್ಲಿಪ್ಪನ್ನು ಬೆಲ್ಟಿನ ಮೇಲೆ ಒತ್ತಿ ಮುಚ್ಚಿ. ಇಲ್ಲದಿದ್ದರೆ ದಾರಿಯಲ್ಲಿ ಬೆಲ್ಟು ತಾನಾಗಿ ಸಡಿಲವಾಗಬಹುದು. ಕೆಲವು ಸಣ್ಣ ಕಾರುಗಳಲ್ಲಿ ಎಳೆಗೂಸಿನ ಸೀಟಿನ ಸುತ್ತ ಬೆಲ್ಟಿನ ಉದ್ದವೇ ಸಾಲದು. ಕೊಳ್ಳುವ ಮುಂಚೆ ಅಂಗಡಿಯವರಿಗೆ ಹೇಳಿ ನಿಮ್ಮ ಕಾರಿನಲ್ಲೇ ಇಟ್ಟು ನೋಡಿ.

ಬಿಗಿದಾದ ಮೇಲೆ ಬೆಲ್ಟೋ ಕೊಕ್ಕೆಯೋ ಹಾದುಹೋಗುವ ಜಾಗದಲ್ಲಿ ಹಿಡಿದು ಅಕ್ಕಪಕ್ಕ, ಹಿಂದೆಮುಂದೆ ಅಲ್ಲಾಡಿಸಿ. ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಅಲ್ಲಾಡಿದರೆ ಮತ್ತೆ ಬಿಗಿಯಬೇಕು. ಹಿಮ್ಮುಖ ಸೀಟಿನ ಬದಿಯ ಮಟ್ಟದ ಗೆರೆ ನೆಲಕ್ಕೆ ಸಮನಾಗಿರಬೇಕು. ಎಳೆಗೂಸಿಗೆ ಸುಮಾರು 45 ಡಿಗ್ರಿ ಒರಗು. ಅಪಾರ್ಟ್‌ಮೆಂಟಿನ ರ‍್ಯಾಂಪಿನ ಮೇಲೆ ನಿಲ್ಲಿಸಿ ನೋಡಿದರೆ ಮಟ್ಟ ತಪ್ಪು ತೋರಿಸುತ್ತದೆ, ಕಾರು ಸಮತಟ್ಟು ಜಾಗದಲ್ಲಿರಲಿ.

ಇನ್ನು ಮಗುವಿನ ಮೈಮೇಲಿನ ಪಟ್ಟಿ. ಹಿಮ್ಮುಖದಲ್ಲಿ ಅದು ಹೆಗಲಿನ ಮಟ್ಟದಿಂದ ಅಥವಾ ತುಸು ಕೆಳಗಿಂದ ಬರಬೇಕು, ಮುಮ್ಮುಖದಲ್ಲಿ ಹೆಗಲಿನ ಮಟ್ಟದಿಂದ ಅಥವಾ ತುಸು ಮೇಲಿಂದ. ಬಿಗಿದ ಮೇಲೆ ಕೊರಳ ಕೆಳಗಿನ ಎಲುಬಿನ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲವಾಗಿದೆ ಎಂದರ್ಥ. ನಸುಕಿನಲ್ಲಿ ಹೊರಡುವಾಗ ಚಳಿಯೆಂದು ಸ್ವೆಟರು, ಟೊಪ್ಪಿಯ ದಪ್ಪ ಜಾಕೀಟು ತೊಡಿಸಿ ಪಟ್ಟಿ ಬಿಗಿಯಬೇಡಿ. ಗುದ್ದಿದಾಗ ಬಟ್ಟೆ ಚಪ್ಪಟೆಯಾಗಿ ಪಟ್ಟಿ ಮೂರು ಬೆರಳು ಸಡಿಲಾಗುತ್ತದೆ. ಹತ್ತಿಯ ಅಂಗಿ ತೊಡಿಸಿ, ಪಟ್ಟಿ ಬಿಗಿದು, ದುಪ್ಪಟಿಯನ್ನು ಅದರ ಮೇಲೆ ಹೊದಿಸಿ.

ಯಾರು ಎಲ್ಲಿ ಕೂರಬೇಕು

ಕೂಸಿನ ಸೀಟು ಹಿಂದೆ ಎಡಗಡೆ ಇರಲಿ. ನಮ್ಮಲ್ಲಿ ಕಾರು ನಿಲ್ಲುವುದು ರಸ್ತೆಯ ಎಡಕ್ಕೆ, ಹಾಗಾಗಿ ಎತ್ತಿಕೊಳ್ಳುವವರು ವಾಹನಗಳತ್ತ ಬೆನ್ನು ಮಾಡಿ ನಿಲ್ಲಬೇಕಾಗುವುದಿಲ್ಲ. ದೊಡ್ಡವಳು ಬಲಗಡೆ, ಅವಳ ಬಾಗಿಲಿಗೆ ಚೈಲ್ಡ್ ಲಾಕ್. ಬಾಗಿಲ ಅಂಚಿನಲ್ಲಿರುವ ಪುಟ್ಟ ಗುಂಡಿ ಅದು. ಹಾಕಿ, ಬಾಗಿಲು ಮುಚ್ಚಿ, ಒಳಗಿಂದ ಎಳೆದು ಪರೀಕ್ಷಿಸಿ. ಕಿಟಕಿಯ ಲಾಕನ್ನೂ ಒತ್ತಿರಿ.

ನಡುವೆ ಯಾರು? ಸಣ್ಣ ಕಾರಿನಲ್ಲಿ ಎರಡು ಸೀಟುಗಳ ನಡುವೆ ಉಳಿಯುವುದು ಗೇಣು ಜಾಗ. ಬೂಸ್ಟರು ಹೆಚ್ಚಾಗಿ ನಡುವಿನ ಬಕಲಿನ ಮೇಲೇ ಕೂತುಬಿಡುತ್ತದೆ, ನಡುವೆ ಕೂತವರು ಬೆಲ್ಟು ಹಾಕಿಕೊಳ್ಳದೆ ಪ್ರಯಾಣ ಮುಗಿಸುತ್ತಾರೆ. ಬೆಲ್ಟಿಲ್ಲದ ದೊಡ್ಡವರು ಗುದ್ದಿದಾಗ ಪಕ್ಕದ ಮಗುವಿನ ಮೇಲೇ ಬೀಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಮುಂಬೈ–ಅಹಮದಾಬಾದ್ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಹಿಂದೆ ಕೂತ ಇಬ್ಬರೂ ಬೆಲ್ಟು ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಅದು ದೊಡ್ಡ, ಗಟ್ಟಿಮುಟ್ಟಾದ ಕಾರು. ಹಾಗಾಗಿ ನಮ್ಮ ಸಲಹೆ: ಅಜ್ಜಿ ಮುಂದೆ, ತಾಯಿ ಹಿಂದೆ ನಡುವೆ. ನಡುವೆ ಬೆಲ್ಟು ಹಾಕಲು ಆಗದಿದ್ದರೆ ಅಲ್ಲಿ ಯಾರೂ ಕೂರಬಾರದು, ಒಬ್ಬರು ಬಸ್ಸಿನಲ್ಲೋ ಬೇರೆ ಕಾರಿನಲ್ಲೋ ಬರಲಿ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇರುವಾಗ ಅಲ್ಲಿ ಹಿಮ್ಮುಖ ಸೀಟನ್ನು ಎಂದೂ ಕಟ್ಟಬೇಡಿ. ಬ್ಯಾಗು ಉಬ್ಬಿ ಬಂದು ಬಡಿಯುವುದು ಕೂಸಿನ ತಲೆಯ ಹಿಂದಿರುವ ಚಿಪ್ಪಿಗೆ.

ಸಿಲಿಂಡರು ಡಿಕ್ಕಿ ತುಂಬಿದ್ದರಿಂದ ಸೂಟ್‌ಕೇಸು, ಸ್ಟೀಲಿನ ಊಟದ ಡಬ್ಬಿ, ನೀರಿನ ಕ್ಯಾನು ಎಲ್ಲ ಒಳಗೆ ಬರುತ್ತವೆ. ಭಾರದ್ದೆಲ್ಲ ಮುಂದಿನ ಸೀಟುಗಳ ಹಿಂದೆ, ನೆಲಕ್ಕೆ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಏನೂ ಇಡಬೇಡಿ, ಅಲ್ಲಿಟ್ಟ ವಸ್ತು ಮಕ್ಕಳ ತಲೆಯ ಮಟ್ಟದಲ್ಲೇ ಹಾರುತ್ತದೆ. ಮಗುವಿನ ಕೈಗೆ ಬಟ್ಟೆಯ ಗೊಂಬೆ ಕೊಡಿ, ಟ್ಯಾಬ್ ಬೇಡ.

ದಾರಿ

ಬೆಳಿಗ್ಗೆ ಐದೂವರೆಗೆ ಹೊರಟರೆ ಕಾತ್ರಜ್ ದಾಟುವುದು ಸುಲಭ, ಮಕ್ಕಳೂ ನಿದ್ದೆಯಲ್ಲಿರುತ್ತಾರೆ. ಅದಕ್ಕಿಂತ ಬೇಗ ಬೇಡ, ಡ್ರೈವರಿಗೂ ನಿದ್ದೆ ಬೇಕು. ಸಿಎನ್‌ಜಿಯನ್ನು ಹಿಂದಿನ ಸಂಜೆಯೇ ತುಂಬಿಸಿ. ಪಂಪಿನಲ್ಲಿ ಎಲ್ಲರೂ ಕಾರಿನಿಂದ ಇಳಿಯಲೇಬೇಕು, ಮಲಗಿದ ಕೂಸನ್ನೂ ಬಿಚ್ಚಿ ಎತ್ತಬೇಕು. ದಾರಿಯಲ್ಲಿ ಸಾಲು ಉದ್ದವಿದ್ದರೆ ಪೆಟ್ರೋಲಿನಲ್ಲೇ ಸಾಗಿ.

ಮೊದಲ ನಿಲುಗಡೆ ಸಾತಾರದ ಹತ್ತಿರ, ಸುಮಾರು 110 ಕಿ.ಮೀ. ಎರಡನೆಯದು ಕರಾಡ್ ದಾಟಿ, ಮೂರನೆಯದು ಕೊಲ್ಹಾಪುರದಲ್ಲಿ ಊಟಕ್ಕೆ. ಪ್ರತಿ ಬಾರಿಯೂ ಕೂಸನ್ನು ಸೀಟಿನಿಂದ ಪೂರ್ತಿ ಹೊರತೆಗೆದು ಕಾಲು ಗಂಟೆ ಚಾಪೆಯ ಮೇಲೆ ಬಿಡಿ. ಸೀಟಿನಲ್ಲೇ ಇಟ್ಟು ಕಾರು ನಿಲ್ಲಿಸಿದ್ದು ವಿಶ್ರಾಂತಿಯಲ್ಲ. ನಿಲ್ಲುವುದು ಹೋಟೆಲಿನ ಅಂಗಳದಲ್ಲಿ ಅಥವಾ ಪಂಪಿನೊಳಗೆ. ಹೆದ್ದಾರಿಯ ಅಂಚಿನಲ್ಲಿ, ಅದರಲ್ಲೂ ಆರು ಪಥದ ಕಾಮಗಾರಿಗಾಗಿ ವಾಹನಗಳನ್ನು ಸೇವಾ ರಸ್ತೆಗೆ ತಿರುಗಿಸಿದ ಕಡೆ, ನಿಲ್ಲಲೇಬೇಡಿ.

ಹಾಲು ಕುಡಿಸುವುದು ನಿಂತ ಕಾರಿನಲ್ಲಿ ಮಾತ್ರ. ಕೂಸು ಅತ್ತರೆ "ಐದು ನಿಮಿಷ ತಾನೇ" ಎಂದು ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚುವುದು ಎಲ್ಲರ ಮನೆಯಲ್ಲೂ ನಡೆಯುವಂಥದ್ದು. ಅದನ್ನು ತಡೆಯುವ ದಾರಿಯೆಂದರೆ ಅಳುವ ಮುಂಚೆಯೇ ನಿಲ್ಲುವುದು. ದೊಡ್ಡವಳಿಗೂ ಓಡುವ ಕಾರಿನಲ್ಲಿ ಶೇಂಗಾ, ಚಿಕ್ಕಿ, ಇಡೀ ದ್ರಾಕ್ಷಿ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಮುಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಇಡ್ಲಿ, ಬಾಳೆಹಣ್ಣು ನಿಂತಾಗ.

ಊಟಕ್ಕೆ ಇಳಿದಾಗ ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ, ಕಿಟಕಿ ಬೆರಳಷ್ಟು ಇಳಿಸಿದ್ದರೂ ಬೇಡ. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗಿನ ಶಾಖ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಕೆಳಗಿಳಿದಾಗ ಖಾಲಿ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿ, ಬಂದಮೇಲೆ ಬಕಲನ್ನು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಕೂರಿಸಿ. ಕಾದ ಲೋಹ ತೊಡೆ ಸುಡುತ್ತದೆ. ಕೂಸು ಕೂತಿರುವಾಗ ಮಾತ್ರ ಸೀಟಿನ ಮೇಲೆ ಬಟ್ಟೆ ಮುಚ್ಚಬಾರದು, ಒಳಗೆ ಗಾಳಿಯಾಡದೆ ಬಿಸಿ ಕಟ್ಟಿಕೊಳ್ಳುತ್ತದೆ.

ನಿಪ್ಪಾಣಿಯಿಂದ ಉತ್ತೂರು, ಆಜರಾ ಮೇಲೆ ಆಂಬೋಲಿ. ಘಾಟು ಶುರುವಾಗುವ ಮುಕ್ಕಾಲು ತಾಸು ಮೊದಲೇ ಹೊಟ್ಟೆಗೆ ಹಗುರವಾಗಿ ಏನಾದರೂ ಆಗಿರಲಿ. ತಿರುವಿನಲ್ಲಿ ವಾಕರಿಕೆ ಹೆಚ್ಚು ಕಾಡುವುದು ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನು, ಹಿಮ್ಮುಖ ಕೂತ ಕೂಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದೊಡ್ಡವಳ ಕೈಯಿಂದ ಪುಸ್ತಕ, ಫೋನು ತೆಗೆದುಕೊಂಡು ದೂರದ ಗುಡ್ಡ ನೋಡಲು ಹೇಳಿ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಡ್ರೈವರಿನ ಕಾಲು: ಕೆಳಗಿನ ಗೇರಿನಲ್ಲಿ, ಬ್ರೇಕು ಜಗ್ಗದೆ, ಒಂದೇ ಹದದಲ್ಲಿ ಇಳಿಯಬೇಕು. ಮಾತ್ರೆ ಕೊಡುವುದಿದ್ದರೆ ಮಕ್ಕಳ ವೈದ್ಯರು ತೂಕ ನೋಡಿ ಬರೆದದ್ದನ್ನಷ್ಟೇ.

ಜೂನಿನಿಂದ ಸೆಪ್ಟೆಂಬರಿನವರೆಗೆ ಆಂಬೋಲಿಯಲ್ಲಿ ಮಂಜು, ಜಡಿಮಳೆ. ಶನಿವಾರ–ಭಾನುವಾರ ಜಲಪಾತದ ಹತ್ತಿರ ಜನ ರಸ್ತೆಯಲ್ಲೇ ಇರುತ್ತಾರೆ. ಅಲ್ಲಿ ಮಕ್ಕಳನ್ನು ಇಳಿಸಬೇಡಿ. ವಿಶ್ರಾಂತಿಯನ್ನು ಮೇಲೆ ಆಂಬೋಲಿ ಊರಿನಲ್ಲೇ ಮುಗಿಸಿಕೊಳ್ಳಿ. ಕೋತಿಗಳಿವೆ, ಗಾಜು ಏರಿಸಿಡಿ. ಕತ್ತಲಾಗುವ ಮುಂಚೆ ಘಾಟು ಇಳಿದು ಸಾವಂತವಾಡಿ ಸೇರಿರಬೇಕು.

ಗೋವಾದೊಳಗೆ

ಟ್ಯಾಕ್ಸಿಗಳಲ್ಲಿ ಮಕ್ಕಳ ಸೀಟು ಸಿಗುತ್ತದೆ ಎಂದುಕೊಳ್ಳಬೇಡಿ. ಹಿಂದಿನ ಬೆಲ್ಟಿನ ಬಕಲ್ ಕೂಡ ಸೀಟು ಕವರಿನಡಿ ಹೂತಿರುತ್ತದೆ. ಹತ್ತುವ ಮೊದಲೇ "ಹಿಂದೆ ಬೆಲ್ಟ್ ಹೊರಗೆ ತೆಗೀರಿ ಭಾವೂ" ಎಂದು ಕೇಳಿ, ನಿಮ್ಮ ಸೀಟನ್ನೇ ಬೆಲ್ಟಿನಿಂದ ಕಟ್ಟಿ. ಕೂಸನ್ನು ಸ್ಕೂಟರಿನ ಮೇಲೆ ಕೂರಿಸುವ ಆಸೆ ಬಿಡಿ. ನಾಲ್ಕು ವರ್ಷದೊಳಗಿನ ಮಗುವಿಗೆ ಕಟ್ಟುಪಟ್ಟಿ, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್, ತಾಸಿಗೆ 40 ಕಿ.ಮೀ. ಒಳಗಿನ ವೇಗ ಎಂಬ ನಿಯಮ 2023ರ ಫೆಬ್ರವರಿಯಿಂದ ಇದೆ. ಬಾಡಿಗೆ ಸ್ಕೂಟರಿನ ಜೊತೆ ಇವು ಯಾವುವೂ ಬರುವುದಿಲ್ಲ.

ಬೀಚಿನಿಂದ ಬಂದ ಮಗುವಿನ ಮೈ ತೊಳೆದು ಒರೆಸಿಯೇ ಸೀಟಿಗೆ ಹಾಕಿ. ಮರಳು ಬಕಲಿನೊಳಗೆ ಹೋದರೆ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ, 'ಟಕ್' ಅನ್ನುವುದಿಲ್ಲ, ಕೂತಂತೆ ಕಂಡರೂ ಎಳೆದರೆ ಬಿಚ್ಚಿಕೊಳ್ಳುತ್ತದೆ. ಬಕಲನ್ನು ತಲೆಕೆಳಗೆ ಹಿಡಿದು ಲೋಟದಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಅದ್ದಿ, ಗುಂಡಿಯನ್ನು ಹತ್ತಾರು ಬಾರಿ ಒತ್ತಿ, ನೆರಳಲ್ಲಿ ಒಣಗಿಸಿ. ಎಣ್ಣೆ ಬಿಡಬೇಡಿ, ಅದಕ್ಕೆ ಮತ್ತಷ್ಟು ಮರಳು ಅಂಟುತ್ತದೆ. ವಾಂತಿಯಾದ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೋಪಿನ ಪುಡಿಯಲ್ಲಿ ನೆನೆಸಿದರೆ ನೂಲಿನ ಕಸುವು ಹೋಗುತ್ತದೆ.

ಮರಳುವಾಗ

ವಾಪಸು ಬರುವ ದಿನ ಪಟ್ಟಿ ಸಡಿಲಾಗುವ ದಿನ. ಎಲ್ಲರೂ ದಣಿದಿರುತ್ತಾರೆ, ಪುಣೆ ಹತ್ತಿರ ಬಂತೆಂದು ಮಕ್ಕಳನ್ನು ಬಿಚ್ಚಿ ಬಿಡುತ್ತಾರೆ. ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಉದ್ದನೆಯ ಇಳಿಜಾರಿನಲ್ಲಿ ಭಾರದ ಲಾರಿಗಳ ಬ್ರೇಕು ಸೋತು ಪದೇ ಪದೇ ಅಪಘಾತಗಳಾಗಿವೆ. ಅಲ್ಲಿ ಲಾರಿಯ ಮುಂದೆ ಬಹಳ ಹೊತ್ತು ಇರದೆ, ಅಂತರ ಬಿಟ್ಟು ನಿಧಾನವಾಗಿ ಇಳಿಯಿರಿ. ಕೊನೆಯ ನಿಲುಗಡೆಯನ್ನು ಖೇಡ್ ಶಿವಾಪುರದ ಆಚೆಯೇ ಮುಗಿಸಿ, ಪಟ್ಟಿಗಳನ್ನು ಮತ್ತೊಮ್ಮೆ ಚಿವುಟಿ ನೋಡಿಕೊಂಡು ಊರೊಳಗೆ ಬನ್ನಿ.

ಜೋರಾಗಿ ಗುದ್ದಿಸಿಕೊಂಡ ಕಾರಿನಲ್ಲಿದ್ದ ಮಕ್ಕಳ ಸೀಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಬಳಸಬೇಡಿ. ಇತಿಹಾಸ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಸೀಟು ಬೇಡ ಎನ್ನುವುದೂ ಇದಕ್ಕೇ. ಹೆದ್ದಾರಿಯಲ್ಲಿ ನೆರವಿಗೆ 1033, ಆಂಬುಲೆನ್ಸಿಗೆ 108, ಯಾವುದೂ ನೆನಪಾಗದಿದ್ದರೆ 112. ಸೀಟಿನ ಬದಿಗೆ ಒಂದು ಚೀಟಿ ಅಂಟಿಸಿ: ಮಗುವಿನ ಹೆಸರು, ಹುಟ್ಟಿದ ತಾರೀಖು, ರಕ್ತದ ಗುಂಪು, ಆಗದ ಔಷಧ, ಮತ್ತು ಕಾರಿನಲ್ಲಿ ಇಲ್ಲದ ಒಬ್ಬ ನೆಂಟರ ಫೋನ್ ನಂಬರು. ನಿಪ್ಪಾಣಿಯ ಎರಡೂ ಬದಿಗೆ ಓದಲು ಬರುವಂತೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿಡಿ.